ಡ್ಯೂಪ್ ಇಲ್ಲದ ನಾಯಕಿಯರು

2023ರ ಮಾರ್ಚ್‌ನಲ್ಲಿ ಮಿಶೆಲ್ ಯೋ ಕೈಗೆ ಅತ್ಯುತ್ತಮ ನಟಿಯ ಆಸ್ಕರ್ ಬಂದಾಗ, ಆ ಪ್ರಶಸ್ತಿ ಗೆದ್ದ ಮೊದಲ ಏಷ್ಯನ್ ನಟಿ ಎಂದು ಪತ್ರಿಕೆಗಳೆಲ್ಲ ಬರೆದವು. ಅಷ್ಟಾಗಿ ಚರ್ಚೆಗೆ ಬಾರದ ಸಂಗತಿ ಬೇರೊಂದಿತ್ತು. ‘ಎವ್ರಿಥಿಂಗ್ ಎವ್ರಿವೇರ್ ಆಲ್ ಅಟ್ ಒನ್ಸ್’ ಚಿತ್ರದ ಮುಖ್ಯ ಪಾತ್ರವನ್ನು ನಿರ್ದೇಶಕರಿಬ್ಬರು ಮೊದಲು ಬರೆಯಲು ಹೊರಟದ್ದು ಜಾಕಿ ಚಾನ್‌ಗಾಗಿ. ಬರೆಯುತ್ತ ಹೋದಂತೆ ಕಥೆ ಗಂಡನಿಂದ ಹೆಂಡತಿಯ ಕಡೆಗೆ ವಾಲಿತು, ಯೋ ಬಂದರು.

ಗಂಡಸಿಗೆಂದು ಇಟ್ಟ ಜಾಗದಲ್ಲಿ ಹೆಂಗಸು ಬಂದು ಕೂರುವುದು ಯೋ ಬೆಳೆದ ಸಿನಿಮಾ ಲೋಕಕ್ಕೆ ಹೊಸದಲ್ಲ. ನಾಯಕಿಯಾಗಿ ಅವರ ಮೊದಲ ಚಿತ್ರದಲ್ಲಿ ಜೊತೆಗಿದ್ದ ಅಮೆರಿಕದ ಸಿಂಥಿಯಾ ರಾತ್‌ರಾಕ್ ಕೂಡ ಹಾಗೆಯೇ ಒಳಗೆ ಬಂದವರು. ಹಾಂಗ್‌ಕಾಂಗ್‌ನ ಡಿ ಆ್ಯಂಡ್ ಬಿ ಫಿಲ್ಮ್ಸ್ ಎಂಬ ಸಂಸ್ಥೆ 1980ರ ದಶಕದಲ್ಲಿ ಬ್ರೂಸ್ ಲೀ ತರಹದ ಹೊಸ ಹುಡುಗನೊಬ್ಬನನ್ನು ಹುಡುಕಿಕೊಂಡು ಕ್ಯಾಲಿಫೋರ್ನಿಯಾಕ್ಕೆ ಹೋಗಿತ್ತು. ಅಲ್ಲಿನ ಕರಾಟೆ ಪ್ರದರ್ಶನ ತಂಡವೊಂದರ ಹುಡುಗರೆಲ್ಲ ಸಾಲಾಗಿ ತಮ್ಮ ವಿದ್ಯೆ ತೋರಿಸಿದರು. ಕೊನೆಗೆ ಆಯ್ಕೆಯಾದದ್ದು ಅದೇ ತಂಡದ ರಾತ್‌ರಾಕ್. ಎತ್ತರ ಐದಡಿ ಮೂರಿಂಚು, ಊರು ಪೆನ್ಸಿಲ್ವೇನಿಯಾದ ಸ್ಕ್ರ್ಯಾಂಟನ್, ಚೀನೀ ಭಾಷೆಯ ಗಂಧವೂ ಇಲ್ಲ.

ಭಾಷೆ ಬಾರದಿದ್ದರೂ ನಡೆಯಿತು. ಆಗಿನ ಹಾಂಗ್‌ಕಾಂಗ್ ಚಿತ್ರಗಳ ಚಿತ್ರೀಕರಣದಲ್ಲಿ ಧ್ವನಿಮುದ್ರಣವೇ ಇರುತ್ತಿರಲಿಲ್ಲ. ಮಾತೆಲ್ಲ ಆಮೇಲೆ ಡಬ್ಬಿಂಗ್. ನಿರ್ಮಾಪಕರಿಗೆ ಬೇಕಾಗಿದ್ದದ್ದು ಕೈಕಾಲು. ಆ ವಿಷಯದಲ್ಲಿ ರಾತ್‌ರಾಕ್ ಬಳಿ ಯಾರೂ ಪ್ರಶ್ನಿಸಲಾಗದ ದಾಖಲೆ ಇತ್ತು: 1981ರಿಂದ 1985ರವರೆಗೆ ಸತತ ಐದು ವರ್ಷ ವಿಶ್ವ ಚಾಂಪಿಯನ್. ಅದೂ ಹೆಂಗಸರಿಗೆ ಪ್ರತ್ಯೇಕ ವಿಭಾಗವಿಲ್ಲದ ಕಡೆ ಗಂಡಸರ ಜೊತೆಗೇ ಸೆಣಸಿ.

ಆದರೆ ಆಕೆ ಚಾಂಪಿಯನ್ ಆದದ್ದು ರಿಂಗಿನೊಳಗೆ ಎದುರಾಳಿಯನ್ನು ಕೆಡವಿ ಅಲ್ಲ. ಕರಾಟೆ ಶಾಲೆಗಳಲ್ಲಿ ‘ಕಾಟಾ’ ಎನ್ನುವ, ಎದುರಿಗೆ ಯಾರೂ ಇಲ್ಲದೆ ಪಟ್ಟುಗಳನ್ನು ಕ್ರಮವಾಗಿ ಮಾಡಿ ತೋರಿಸುವ ವಿಭಾಗದಲ್ಲಿ, ಜೊತೆಗೆ ಆಯುಧಗಳ ವಿಭಾಗದಲ್ಲಿ. ‘ಹಾಗಾದರೆ ನಿಜವಾದ ಫೈಟರ್ ಅಲ್ಲವಲ್ಲ’ ಎಂದು ಮೂಗು ಮುರಿಯುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಸಿನಿಮಾಕ್ಕೆ ಬೇಕಾದದ್ದು ಇದೇ ಎಂಬುದನ್ನು ಅವರು ಮರೆಯುತ್ತಾರೆ. ನಿಜವಾದ ಜಗಳ ನೋಡಲು ಚೆನ್ನಾಗಿರುವುದಿಲ್ಲ. ಇಬ್ಬರು ಒಬ್ಬರಿಗೊಬ್ಬರು ಜೋತುಬಿದ್ದು ಎಳೆದಾಡುವುದರಲ್ಲೇ ಹೆಚ್ಚು ಹೊತ್ತು ಕಳೆಯುತ್ತದೆ. ಪರದೆಯ ಮೇಲೆ ಒದೆತ ಎಲ್ಲಿಂದ ಹೊರಟಿತು, ಎಲ್ಲಿಗೆ ಹೋಯಿತು, ಎಲ್ಲಿ ನಿಂತಿತು ಎಂಬುದು ಕೊನೆಯ ಸಾಲಿನಲ್ಲಿ ಕೂತವನಿಗೂ ಕಾಣಬೇಕು. ಅದಕ್ಕೆ ಲಯ ಬೇಕು, ಅಂಗಶುದ್ಧಿ ಬೇಕು. ಒಂದೇ ಪಟ್ಟನ್ನು ಹತ್ತನೇ ಟೇಕಿನಲ್ಲೂ ಮೊದಲನೆಯದರ ಹಾಗೇ ಮಾಡುವ ಶಿಸ್ತು ಬೇಕು.

ಹೊಡೆದಾಟದ ಸಿನಿಮಾಗಳ ನಾಯಕಿಯರಲ್ಲಿ ಅನೇಕರು ಎಲ್ಲಿಂದ ಬಂದರು ಎಂದು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಮಲೇಷ್ಯಾದ ಇಪೊ ಊರಿನ ಮಿಶೆಲ್ ಯೋ ಲಂಡನ್ನಿನಲ್ಲಿ ಬ್ಯಾಲೆ ಕಲಿತವರು. ಬೆನ್ನಿಗೆ ಪೆಟ್ಟಾಗಿ ನೃತ್ಯ ಬಿಟ್ಟರು, 1983ರಲ್ಲಿ ಮಿಸ್ ಮಲೇಷ್ಯಾ ಆದರು, ಜಾಕಿ ಚಾನ್ ಜೊತೆ ಕೈಗಡಿಯಾರದ ಜಾಹೀರಾತೊಂದರಲ್ಲಿ ಕಾಣಿಸಿಕೊಂಡರು. ಮೊದಲ ಸಿನಿಮಾದಲ್ಲಿ ಅವರದು ಗಂಡಸರು ಬಂದು ಕಾಪಾಡುವ ಸಾಧು ಹುಡುಗಿಯ ಪಾತ್ರ. ಪಕ್ಕದಲ್ಲಿ ನಡೆಯುತ್ತಿದ್ದ ಫೈಟುಗಳನ್ನು ನೋಡಿ, ಇದೂ ನೃತ್ಯದ ಹಾಗೇ ಇದೆಯಲ್ಲ, ನಾನೂ ಮಾಡಬಹುದು ಅನ್ನಿಸಿತು ಎಂದು ಮುಂದೆ ಹಲವು ಸಂದರ್ಶನಗಳಲ್ಲಿ ಹೇಳಿದ್ದಾರೆ. ಸಮರಕಲೆಯ ಪಾಠ ಒಂದೂ ಆಗಿರಲಿಲ್ಲ. ಸ್ಟಂಟ್ ಹುಡುಗರ ಜೊತೆ ಜಿಮ್ಮಿನಲ್ಲಿ ಬೆವರಿಳಿಸಿ ಕಲಿತರು.

ಆಗ ಬಂದದ್ದು 1985ರ ‘ಯೆಸ್, ಮೇಡಂ!’. ನಿರ್ದೇಶಕ ಕೋರಿ ಯುಯೆನ್. ಯೋ ಹಾಂಗ್‌ಕಾಂಗ್ ಪೊಲೀಸ್ ಅಧಿಕಾರಿ, ರಾತ್‌ರಾಕ್ ಬ್ರಿಟನ್ನಿನಿಂದ ಬಂದ ಅಧಿಕಾರಿ. ಇಬ್ಬರು ಹೆಂಗಸರ ಚಿತ್ರ ಎಂದು ಹೆಸರಾಗಿದ್ದರೂ ನಡುವಿನ ಬಹುಭಾಗವನ್ನು ಮೂವರು ಪುಡಿಗಳ್ಳರ ಹಾಸ್ಯ ನುಂಗಿಬಿಡುತ್ತದೆ. ಆ ಹಾಸ್ಯ ಇವತ್ತು ನೋಡಿದರೆ ಸಪ್ಪೆ. ಕೊನೆಯ ಫೈಟಿಗಾಗಿ ಅದನ್ನೆಲ್ಲ ಸಹಿಸಿಕೊಳ್ಳಬೇಕು.

ಖಳನ ಬಂಗಲೆ. ಎಲ್ಲಿ ನೋಡಿದರೂ ಗಾಜು. ಯೋ ಮೇಲಂತಸ್ತಿನ ಕಟಾಂಜನಕ್ಕೆ ಬೆನ್ನು ಹಾಕಿದ್ದಾರೆ. ಹಾಗೆಯೇ ಹಿಂದಕ್ಕೆ ವಾಲಿ ತಲೆ ಕೆಳಗಾಗಿ ಗಾಜಿನ ಹಲಗೆಯನ್ನು ಒಡೆದುಕೊಂಡು ನುಗ್ಗುತ್ತಾರೆ. ಆಚೆ ನಿಂತಿದ್ದ ಇಬ್ಬರು ರೌಡಿಗಳ ಕಾಲು ಹಿಡಿದು ಎಳೆದು ಕೆಳಕ್ಕೆ ಉರುಳಿಸುತ್ತಾರೆ. ಎಲ್ಲ ಒಂದೆರಡು ಸೆಕೆಂಡಿನ ಮಾತು. ಮುಖ ಕಾಣುತ್ತಿದೆ, ಹಾಗಾಗಿ ಡ್ಯೂಪ್ ಎನ್ನುವಂತಿಲ್ಲ. ಇತ್ತ ರಾತ್‌ರಾಕ್ ಅವರದು ಬೇರೆಯೇ ಮಾದರಿ. ಹಿಂದಿನಿಂದ ಯಾರೋ ಹಿಡಿದುಕೊಂಡಾಗ ತಿರುಗದೆ, ನಿಂತಲ್ಲೇ ಕಾಲನ್ನು ಮುಂದಿನಿಂದ ನೇರ ಮೇಲಕ್ಕೆ ಬೀಸಿ, ತನ್ನ ತಲೆಯ ಮೇಲಿಂದ ಹಾಯಿಸಿ ಹಿಂದಿದ್ದವನ ಮುಖಕ್ಕೆ ಬಾರಿಸುವುದು. ಚೇಳಿನ ಬಾಲದ ಹಾಗೆ ಬರುವ ಈ ಒದೆತ ಮುಂದೆ ಅವರ ರುಜುವಿನಂತೆ ಎಷ್ಟೋ ಚಿತ್ರಗಳಲ್ಲಿ ಬಂತು.

ಇಂಥ ದೃಶ್ಯಗಳು ಹೇಗೆ ತಯಾರಾಗುತ್ತಿದ್ದವು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಫೈಟು ಶುರುವಾದರೆ ಹಾಂಗ್‌ಕಾಂಗ್‌ನಲ್ಲಿ ನಿರ್ದೇಶಕ ಬದಿಗೆ ಸರಿದು ಕೂರುತ್ತಿದ್ದ, ಸೆಟ್ಟಿನ ಯಜಮಾನಿಕೆ ಸಾಹಸ ನಿರ್ದೇಶಕನದು. ಕಾಗದದ ಮೇಲೆ ಫೈಟು ಬರೆದಿರುತ್ತಿರಲಿಲ್ಲ. ಜಾಗ ನೋಡಿ, ಕುರ್ಚಿ ಮೆಟ್ಟಿಲು ಕಿಟಕಿ ಏನಿದೆಯೋ ಅದನ್ನು ನೋಡಿ, ಮೂರು ನಾಲ್ಕು ಪಟ್ಟು ಕಟ್ಟುವುದು, ಶಾಟ್ ತೆಗೆಯುವುದು, ಮುಂದಿನ ಪಟ್ಟು ಯೋಚಿಸುವುದು. ಕ್ಯಾಮೆರಾ ತಲೆಯಿಂದ ಕಾಲಿನವರೆಗೆ ಇಡೀ ದೇಹ ಹಿಡಿಯುವಷ್ಟು ದೂರದಲ್ಲಿರುತ್ತಿತ್ತು. ಸೆಕೆಂಡಿಗೆ 24 ಫ್ರೇಮಿನ ಬದಲು 22ಕ್ಕೋ 21ಕ್ಕೋ ಇಳಿಸಿ ತೆಗೆದರೆ ಪರದೆಯ ಮೇಲೆ ವೇಗ ಒಂದಿಷ್ಟು ಹೆಚ್ಚುತ್ತದೆ, ಕಣ್ಣಿಗೆ ಮೋಸ ಗೊತ್ತಾಗುವುದಿಲ್ಲ. ಬಟ್ಟೆಯ ಮೇಲೆ ಪುಡಿ ಉದುರಿಸಿಟ್ಟರೆ ಏಟು ಬಿದ್ದ ಜಾಗದಿಂದ ಧೂಳು ಏಳುತ್ತದೆ, ಹೊಡೆತದ ತೂಕ ಕಾಣುತ್ತದೆ. ಖರ್ಚು ಇಷ್ಟೇ. ಮಿಕ್ಕದ್ದೆಲ್ಲ ಮೈ ಮತ್ತು ಸಮಯ. ಒಂದು ಕೊನೆಯ ಫೈಟಿಗೆ ವಾರಗಟ್ಟಲೆ ಹಿಡಿಯುತ್ತಿತ್ತು.

ಕಡಿಮೆ ಬಂಡವಾಳದ ಈ ಚಿತ್ರಗಳಲ್ಲಿ ಹೆಂಗಸಿಗೆ ಇಷ್ಟು ಜಾಗ ಸಿಕ್ಕಿದ್ದರ ಗುಟ್ಟು ಇಲ್ಲೇ ಇದೆ. ದೊಡ್ಡ ನಟನ ಕಾಲ್‌ಶೀಟ್ ಕೊಳ್ಳಲು ದುಡ್ಡಿಲ್ಲದ ನಿರ್ಮಾಪಕನಿಗೆ ಬೇರೆಲ್ಲೂ ಕಾಣದ್ದೊಂದು ಬೇಕು. ನೂರು ಗಂಡಸರು ಒದೆಯುವ ಕಡೆ ಒಬ್ಬಳು ಹೆಂಗಸು ಅವರಿಗಿಂತ ಚೆನ್ನಾಗಿ ಒದ್ದರೆ ಪೋಸ್ಟರಿಗೆ ಅದೇ ಸಾಕು. ಸ್ತ್ರೀವಾದದ ಕಾಳಜಿ ಏನೂ ಅಲ್ಲ, ಗಲ್ಲಾಪೆಟ್ಟಿಗೆಯ ಲೆಕ್ಕ. ಆದರೆ ಲೆಕ್ಕದಿಂದ ಹುಟ್ಟಿದರೂ ಫಲಿತಾಂಶ ವಿಚಿತ್ರವಾಗಿತ್ತು: ಹಾಂಗ್‌ಕಾಂಗ್‌ನ ಈ ಬಗೆಯ ಚಿತ್ರಗಳಲ್ಲಿ ನಾಯಕಿಗೆ ಹೆಚ್ಚಾಗಿ ಪ್ರೇಮಪ್ರಕರಣವಿಲ್ಲ, ಹಾಡಿಲ್ಲ, ಕಣ್ಣೀರಿಗೆ ಪುರಸೊತ್ತಿಲ್ಲ. ಪ್ಯಾಂಟು ಷರ್ಟು ಹಾಕಿಕೊಂಡು ಕೆಲಸಕ್ಕೆ ಹೋಗುತ್ತಾಳೆ, ಕೆಲಸ ಮುಗಿಸುತ್ತಾಳೆ.

ಇದಕ್ಕೊಂದು ಹಿನ್ನೆಲೆಯೂ ಇತ್ತು. ಪೀಕಿಂಗ್ ಆಪೆರಾದಲ್ಲಿ ಯುದ್ಧ ಮಾಡುವ ಸ್ತ್ರೀಪಾತ್ರಕ್ಕೆ ಪ್ರತ್ಯೇಕ ವೇಷವೂ ತರಬೇತಿಯೂ ಇದೆ. ಕತ್ತಿ ಹಿಡಿದ ಹೆಣ್ಣು ಚೀನೀ ಪ್ರೇಕ್ಷಕನಿಗೆ ಹೊಸಬಳಲ್ಲ. 1966ರಲ್ಲಿ ಶಾ ಬ್ರದರ್ಸ್ ಸಂಸ್ಥೆಗಾಗಿ ಕಿಂಗ್ ಹೂ ನಿರ್ದೇಶಿಸಿದ ‘ಕಮ್ ಡ್ರಿಂಕ್ ವಿತ್ ಮಿ’ಯಲ್ಲಿ ಚೆಂಗ್ ಪೇ-ಪೇ ಹೋಟೆಲೊಂದರಲ್ಲಿ ತಣ್ಣಗೆ ಕೂತು ಸುತ್ತ ಬಂದ ಕಳ್ಳರನ್ನು ಸದೆಬಡಿದದ್ದು ಮುಂದಿನವರಿಗೆಲ್ಲ ಮೇಲ್ಪಂಕ್ತಿಯಾಯಿತು. ಅವರೂ ಬ್ಯಾಲೆ ಕಲಿತವರೇ. ಹಾಂಗ್‌ಕಾಂಗ್ ಚಲನಚಿತ್ರ ಪ್ರಶಸ್ತಿ 1982ರಲ್ಲಿ ಶುರುವಾದಾಗ ಮೊದಲ ಅತ್ಯುತ್ತಮ ನಟಿ ಪ್ರಶಸ್ತಿ ಹೋದದ್ದು ಕುಂಗ್‌ಫು ಚಿತ್ರವೊಂದರ ನಾಯಕಿಗೆ, ‘ಮೈ ಯಂಗ್ ಆಂಟಿ’ಯ ಕಾರಾ ಹುಯಿಗೆ. ಜಪಾನಿನ ತೋಯೆ ಸಂಸ್ಥೆ 1974ರಲ್ಲಿ ‘ಸಿಸ್ಟರ್ ಸ್ಟ್ರೀಟ್ ಫೈಟರ್’ ಮಾಡಿದಾಗ ನಾಯಕಿ ಎತ್ಸುಕೊ ಶಿಹೊಮಿಗೆ ಇನ್ನೂ ಹದಿನೆಂಟು ವರ್ಷ.

ಇವರೆಲ್ಲರ ನಡುವೆ ಏಂಜೆಲಾ ಮಾವೊ ಅವರದು ಪ್ರತ್ಯೇಕವಾಗಿ ಹೇಳಬೇಕಾದ ಕಥೆ. ತೈವಾನಿನಲ್ಲಿ ಚಿಕ್ಕಂದಿನಿಂದ ಆಪೆರಾ ಶಾಲೆಯಲ್ಲಿ ಪಳಗಿದವರು. ಗೋಲ್ಡನ್ ಹಾರ್ವೆಸ್ಟ್ ಸಂಸ್ಥೆ ಆರಂಭದ ದಿನಗಳಲ್ಲಿ ಅವರ ಮೇಲೆ ಬಂಡವಾಳ ಹೂಡಿತು. 1972ರ ‘ಹಾಪ್‌ಕಿಡೊ’ಗಾಗಿ ಆ ಕೊರಿಯನ್ ಕಲೆಯನ್ನು ಕೊರಿಯಾದ ಗುರುಗಳಿಂದಲೇ ಕಲಿತರು. ಮರುವರ್ಷದ ‘ಎಂಟರ್ ದ ಡ್ರ್ಯಾಗನ್’ನಲ್ಲಿ ಬ್ರೂಸ್ ಲೀ ತಂಗಿಯಾಗಿ ಕೆಲವೇ ನಿಮಿಷ ಬರುತ್ತಾರೆ. ಓಣಿಗಳಲ್ಲಿ ಅಟ್ಟಿಸಿಕೊಂಡು ಬರುವ ಗಂಡಸರನ್ನು ಒಬ್ಬೊಬ್ಬರನ್ನಾಗಿ ಕೆಡವುತ್ತ ಓಡಿ, ಕೊನೆಗೆ ದಾರಿ ಮುಚ್ಚಿದಾಗ ಅವರ ಕೈಗೆ ಸಿಗುವ ಬದಲು ಗಾಜಿನ ಚೂರಿನಿಂದ ಇರಿದುಕೊಳ್ಳುತ್ತಾಳೆ ಆ ತಂಗಿ. ಇಡೀ ಚಿತ್ರದಲ್ಲಿ ಹೊಟ್ಟೆಗೆ ತಾಗುವ ಭಾಗ ಅದೊಂದೇ ಎಂದರೂ ತಪ್ಪಲ್ಲ. ಅದಕ್ಕೆ ಅವರಿಗೆ ಸಿಕ್ಕಿದ್ದು ನೂರು ಡಾಲರ್. ಮುಂದೆ ಸಿನಿಮಾ ಬಿಟ್ಟು ನ್ಯೂಯಾರ್ಕಿನ ಕ್ವೀನ್ಸ್‌ಗೆ ಹೋಗಿ ಕುಟುಂಬದ ಜೊತೆ ಹೋಟೆಲ್ ನಡೆಸಿದರು.

‘ಯೆಸ್, ಮೇಡಂ!’ ಗೆದ್ದ ಮೇಲೆ ಹಾಂಗ್‌ಕಾಂಗ್‌ನಲ್ಲಿ ಹೆಂಗಸರ ಫೈಟಿನ ಚಿತ್ರಗಳ ಸುಗ್ಗಿ. ಯೋ 1988ರಲ್ಲಿ ತಮ್ಮ ನಿರ್ಮಾಪಕ ಡಿಕ್ಸನ್ ಪೂನ್ ಅವರನ್ನು ಮದುವೆಯಾಗಿ ನಟನೆ ಬಿಟ್ಟಾಗ ಡಿ ಆ್ಯಂಡ್ ಬಿ ಸಂಸ್ಥೆ ಕೈಕಟ್ಟಿ ಕೂರಲಿಲ್ಲ. ತೈವಾನಿನಿಂದ ಹೊಸ ಹುಡುಗಿಯನ್ನು ತಂದು ‘ಸಿಂಥಿಯಾ ಖಾನ್’ ಎಂದು ಹೆಸರಿಟ್ಟಿತು. ಸಿಂಥಿಯಾ ರಾತ್‌ರಾಕ್‌ನಿಂದ ಅರ್ಧ, ಯೋ ಆಗ ಬಳಸುತ್ತಿದ್ದ ‘ಮಿಶೆಲ್ ಖಾನ್’ನಿಂದ ಅರ್ಧ. ವ್ಯಾಪಾರಿಯ ಸಂಕೋಚವಿಲ್ಲದ ಜಾಣತನ ಎಂದರೆ ಇದು. ಹುಡುಗಿ ಮಾತ್ರ ನಕಲಿಯಾಗಿರಲಿಲ್ಲ. 1989ರಲ್ಲಿ ಯುಯೆನ್ ವೂ-ಪಿಂಗ್ ನಿರ್ದೇಶಿಸಿದ ‘ಇನ್ ದ ಲೈನ್ ಆಫ್ ಡ್ಯೂಟಿ’ ಸರಣಿಯ ನಾಲ್ಕನೇ ಚಿತ್ರದಲ್ಲಿ ಡಾನಿ ಯೆನ್‌ಗೆ ಸಮವಾಗಿ ನಿಂತು ಕಾದಾಡಿದರು. ಇನ್ನೊಂದು ಕಡೆ ‘ಏಂಜೆಲ್’ ಚಿತ್ರಗಳ ಮೂನ್ ಲೀ, ಅವರಿಗೆ ಎದುರಾಳಿಯಾಗಿ ಜಪಾನಿನ ಕರಾಟೆಪಟು ಯುಕಾರಿ ಒಶಿಮಾ. ಒಶಿಮಾ ಮುಂದೆ ಫಿಲಿಪೀನ್ಸ್‌ಗೆ ಹೋಗಿ ‘ಸಿಂಥಿಯಾ ಲಸ್ಟರ್’ ಎಂಬ ಹೆಸರಿನಲ್ಲಿ ನಟಿಸಿದರು. ಸಿಂಥಿಯಾ ಎಂಬ ಹೆಸರಿಗೆ ಆಗ ಅಷ್ಟು ಬೆಲೆ!

ಬೆಲೆಯನ್ನು ದೇಹವೂ ತೆತ್ತಿತು. 1989ರ ‘ಡೆವಿಲ್ ಹಂಟರ್ಸ್’ನ ಕೊನೆಯಲ್ಲಿ ಮನೆ ಸ್ಫೋಟವಾಗುವ ಮುನ್ನ ನಾಯಕಿಯರು ಕಿಟಕಿಯಿಂದ ಹೊರಕ್ಕೆ ಹಾರಬೇಕು. ಸ್ಫೋಟ ಮೊದಲೇ ಆಯಿತು. ಮೂನ್ ಲೀ ಮತ್ತು ಸಿಬೆಲ್ ಹೂ ಇಬ್ಬರಿಗೂ ತೀವ್ರ ಸುಟ್ಟಗಾಯ. ನಿರ್ಮಾಪಕರು ಆ ಶಾಟನ್ನೇ ಚಿತ್ರದಲ್ಲಿ ಉಳಿಸಿಕೊಂಡು, ಅಲ್ಲಿಗೇ ಚಿತ್ರವನ್ನು ನಿಲ್ಲಿಸಿ, ಗಾಯಗೊಂಡವರಿಗೆ ಗೌರವ ಸೂಚಿಸುವ ಬರಹ ಹಾಕಿದರು. ಗೌರವವೋ ಪ್ರಚಾರವೋ ಹೇಳುವುದು ಕಷ್ಟ. ವಿಚ್ಛೇದನದ ನಂತರ 1992ರಲ್ಲಿ ಮರಳಿದ ಯೋ ‘ಪೊಲೀಸ್ ಸ್ಟೋರಿ 3’ರಲ್ಲಿ ಮೋಟಾರ್‌ಸೈಕಲ್ಲನ್ನು ಓಡುವ ರೈಲಿನ ಮೇಲಕ್ಕೆ ಹಾರಿಸಿ ಸುರಕ್ಷಿತವಾಗಿ ಇಳಿದರು. ಆದರೆ 1996ರಲ್ಲಿ ಆ್ಯನ್ ಹುಯಿ ಅವರ ‘ದ ಸ್ಟಂಟ್ ವುಮನ್’ಗಾಗಿ ಮೇಲ್ಸೇತುವೆಯಿಂದ ಲಾರಿಯ ಮೇಲೆ ಧುಮುಕಿದಾಗ ಬೆನ್ನಿಗೆ ಭಾರಿ ಪೆಟ್ಟು ಬಿತ್ತು. ಆ ಚಿತ್ರದ ವಸ್ತು ಒಬ್ಬ ಸ್ಟಂಟ್ ಕಲಾವಿದೆಯ ಬದುಕು.

ಇದೇ ದಶಕಗಳಲ್ಲಿ ಪೆಸಿಫಿಕ್ ಸಾಗರದ ಆಚೆ ದಡಕ್ಕೆ ಹೋದರೆ ಚಿತ್ರಣ ಬೇರೆ. ಅಮೆರಿಕದ ಅಗ್ಗದ ಚಿತ್ರಗಳ ದೊರೆ ರೋಜರ್ ಕಾರ್ಮನ್ ಫಿಲಿಪೀನ್ಸ್‌ನ ನಿರ್ದೇಶಕ ಸಿರಿಯೊ ಸ್ಯಾಂಟಿಯಾಗೊ ಕೈಯಲ್ಲಿ 1974ರಲ್ಲಿ ‘ಟಿಎನ್‌ಟಿ ಜಾಕ್ಸನ್’ ಮಾಡಿಸಿದರು. ಕಾಣೆಯಾದ ಅಣ್ಣನನ್ನು ಹುಡುಕಿಕೊಂಡು ಹೊರದೇಶಕ್ಕೆ ಬರುವ ಕರಾಟೆ ಹುಡುಗಿಯ ಕಥೆ. 1981ರಲ್ಲಿ ಅದನ್ನೇ ‘ಫೈರ್‌ಕ್ರ್ಯಾಕರ್’ ಎಂದು ತಿರುಗಿ ಮಾಡಿದರು. 1993ರಲ್ಲಿ ‘ಏಂಜೆಲ್‌ಫಿಸ್ಟ್’ ಎಂದು ಮೂರನೇ ಸಲ. ಅಣ್ಣನ ಜಾಗಕ್ಕೆ ಅಕ್ಕತಂಗಿಯರು ಬಂದದ್ದೇ ಬದಲಾವಣೆ. ಈ ಚಿತ್ರಗಳಲ್ಲಿ ಹೊಡೆದಾಟ ಅರ್ಧ, ಹೊಡೆದಾಟದ ನೆಪದಲ್ಲಿ ನಾಯಕಿಯ ಬಟ್ಟೆ ಹರಿಯುವುದು ಅರ್ಧ. ಹಾಂಗ್‌ಕಾಂಗ್‌ನ ಮೇಡಂಗಳ ಪಕ್ಕದಲ್ಲಿಟ್ಟರೆ ಅಗ್ಗ ಎಂಬುದರಲ್ಲೂ ಎರಡು ಬಗೆ ಇದೆ ಎಂದು ಗೊತ್ತಾಗುತ್ತದೆ.

ರಾತ್‌ರಾಕ್ ಅಮೆರಿಕಕ್ಕೆ ಮರಳಿದಾಗ ವಿಡಿಯೊ ಕ್ಯಾಸೆಟ್ಟಿನ ಕಾಲ. ಚಿತ್ರಮಂದಿರದ ಮುಖ ನೋಡದೆ ನೇರ ಅಂಗಡಿಯ ಕಪಾಟಿಗೆ ಹೋಗುವ ಚಿತ್ರಗಳಿಗೆ ಹೊದಿಕೆಯ ಮೇಲಿನ ಫೋಟೊ ಮುಖ್ಯ. ಕಾಲೆತ್ತಿ ಒದೆಯುವ ಹೊಂಬಣ್ಣದ ಕೂದಲಿನ ಹೆಂಗಸಿನ ಫೋಟೊ ಚೆನ್ನಾಗಿ ಬಿಕರಿಯಾಗುತ್ತಿತ್ತು. ‘ಎಂಟರ್ ದ ಡ್ರ್ಯಾಗನ್’ ನಿರ್ದೇಶಿಸಿದ್ದ ರಾಬರ್ಟ್ ಕ್ಲೌಸ್ ಅವರೇ ಯೂಟಾದಲ್ಲಿ ‘ಚೈನಾ ಓಬ್ರಿಯನ್’ನ ಎರಡು ಭಾಗಗಳನ್ನು ಒಟ್ಟಿಗೇ ಚಿತ್ರಿಸಿದರು. ಊರಿನ ಷೆರಿಫ್ ಆಗಿದ್ದ ತಂದೆಯನ್ನು ಕೊಂದವರ ವಿರುದ್ಧ ಮಗಳು ಅದೇ ಹುದ್ದೆಗೆ ಚುನಾವಣೆಗೆ ನಿಲ್ಲುವ ಕಥೆ. ಆಮೇಲೆ ಇಂಡೊನೇಷ್ಯಾದಲ್ಲಿ ‘ಲೇಡಿ ಡ್ರ್ಯಾಗನ್’. ಎಲ್ಲಿ ಕೂಲಿ ಕಡಿಮೆಯೋ ಅಲ್ಲಿ ಚಿತ್ರೀಕರಣ. ಹಾಂಗ್‌ಕಾಂಗ್‌ನಲ್ಲಿ ವಾರಗಟ್ಟಲೆ ತೆಗೆಯುತ್ತಿದ್ದ ಫೈಟನ್ನು ಇಲ್ಲಿ ಒಂದೆರಡು ದಿನದಲ್ಲಿ ಮುಗಿಸಬೇಕಾಗಿತ್ತು. ಅದೇ ಕಾಲು, ಅದೇ ಒದೆತ, ಆದರೆ ಕ್ಯಾಮೆರಾ ತಪ್ಪಾದ ಕಡೆ ನಿಂತಿರುತ್ತದೆ, ಕತ್ತರಿ ತಪ್ಪಾದ ಹೊತ್ತಿಗೆ ಬೀಳುತ್ತದೆ.

ಅವರ ಚಿತ್ರಗಳಲ್ಲಿ ಇಂದು ಹೆಚ್ಚು ಜನ ಬಲ್ಲದ್ದು 1993ರ ‘ಅನ್‌ಡಿಫೀಟಬಲ್’. ತಂಗಿಯ ಓದಿನ ಖರ್ಚಿಗಾಗಿ ಬೀದಿ ಕಾಳಗಗಳಲ್ಲಿ ಹಣ ಗೆಲ್ಲುವ ಹುಡುಗಿಯ ಪಾತ್ರ. ನಿರ್ದೇಶಕ ಗಾಡ್‌ಫ್ರೇ ಹೋ. ಬೇರೆಯವರ ಹಳೆಯ ಚಿತ್ರಗಳನ್ನು ಕೊಂಡು, ನಡುವೆ ನಿಂಜಾಗಳ ದೃಶ್ಯ ತುರುಕಿ, ಹೊಸ ಹೆಸರಿಟ್ಟು ಮಾರುವುದರಲ್ಲಿ ನಿಸ್ಸೀಮರೆಂದು ಹೆಸರಾದವರು. ಈ ಚಿತ್ರದ ಕೊನೆಯ ಫೈಟು ಅಂತರ್ಜಾಲದಲ್ಲಿ ನಗೆಪಾಟಲಾಗಿ ಲಕ್ಷಾಂತರ ಜನ ನೋಡಿದರು. ತಮಾಷೆಯೆಂದರೆ ಅದರಲ್ಲಿ ಹೆಚ್ಚು ಹೊತ್ತು ಅಂಗಿ ಕಿತ್ತುಹಾಕಿ ಗುರುಗುಟ್ಟುವವರು ಇಬ್ಬರು ಗಂಡಸರು. ಕೈಗೆ ಪಟ್ಟಿ ಕಟ್ಟಿಕೊಂಡ ರಾತ್‌ರಾಕ್ ಕೊನೆಗೆ ಬಂದು ಕೆಲಸ ಮುಗಿಸುತ್ತಾರೆ.

ನಮ್ಮ ದೇಶದಲ್ಲೂ ಇದಕ್ಕೊಂದು ಹಳೆಯ ತಲೆಮಾರು ಇದೆ. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಹುಟ್ಟಿದ ಮೇರಿ ಆ್ಯನ್ ಇವಾನ್ಸ್ 1935ರಲ್ಲಿ ‘ಹಂಟರ್‌ವಾಲಿ’ಯ ಮೂಲಕ ‘ಫಿಯರ್‌ಲೆಸ್ ನಾಡಿಯಾ’ ಆಗಿ ಮುಂಬಯಿಯ ವಾಡಿಯಾ ಮೂವಿಟೋನ್ ಚಿತ್ರಗಳಲ್ಲಿ ಚಾಟಿ ಬೀಸಿದರು. ಮರುವರ್ಷದ ‘ಮಿಸ್ ಫ್ರಾಂಟಿಯರ್ ಮೇಲ್’ನಲ್ಲಿ ಓಡುವ ರೈಲಿನ ಮೇಲೆ ನಿಂತು ಗಂಡಸರನ್ನು ಎತ್ತಿ ಒಗೆದರು, ಡ್ಯೂಪ್ ಇಲ್ಲದೆ. ಸಭ್ಯರು ಸ್ಟಂಟ್ ಚಿತ್ರಗಳೆಂದು ದೂರವಿಟ್ಟದ್ದನ್ನು ಅಗ್ಗದ ಟಿಕೆಟ್ಟಿನವರು ಮುಗಿಬಿದ್ದು ನೋಡಿದರು. ದಕ್ಷಿಣದಲ್ಲಿ 1990ರ ತೆಲುಗು ‘ಕರ್ತವ್ಯಂ’ ವಿಜಯಶಾಂತಿಗೆ ರಾಷ್ಟ್ರಪ್ರಶಸ್ತಿ ತಂದಿತು. ಕನ್ನಡದಲ್ಲಿ ‘ನಂಜುಂಡಿ ಕಲ್ಯಾಣ’ದ ಮಾಲಾಶ್ರೀ ‘ಎಸ್.ಪಿ. ಭಾರ್ಗವಿ’ಯಿಂದ ಹಿಡಿದು 2004ರ ‘ದುರ್ಗಿ’, 2009ರ ‘ಕಿರಣ್ ಬೇಡಿ’, 2012ರ ‘ಶಕ್ತಿ’ಯವರೆಗೆ ಶಿಳ್ಳೆ ಗಿಟ್ಟಿಸಿದರು. ಇವು ಸಮರಕಲೆಯ ಚಿತ್ರಗಳೆನ್ನುವುದಕ್ಕಿಂತ ಸಂಭಾಷಣೆಯೂ ಸಿಟ್ಟೂ ಸಮಪಾಲಿನಲ್ಲಿರುವ ಮಾಸ್ ಚಿತ್ರಗಳು. ಅದು ಬೇರೆಯೇ ವಂಶ.

ಹಾಂಗ್‌ಕಾಂಗ್‌ನ ಸುಗ್ಗಿ ಹೆಚ್ಚು ಕಾಲ ನಿಲ್ಲಲಿಲ್ಲ. 1992ರ ‘ಸ್ವೋರ್ಡ್ಸ್‌ಮನ್ 2’ರಲ್ಲಿ ಬ್ರಿಜಿಟ್ ಲಿನ್ ತಂತಿಯಲ್ಲಿ ತೇಲುತ್ತ ಬಂದು ಪ್ರೇಕ್ಷಕರನ್ನು ಮರುಳು ಮಾಡಿದರು. ಅವರ ನೋಟದ ಬಿಗಿ ಅಸಾಧಾರಣ, ಆದರೆ ಸಮರಕಲೆ ಕಲಿತವರಲ್ಲ. ರೋಪು, ಡ್ಯೂಪು, ಚುರುಕು ಸಂಕಲನ ಇದ್ದರೆ ಯಾವ ಸುಂದರಿಯನ್ನೂ ವೀರವನಿತೆ ಮಾಡಬಹುದು ಎಂದಾದ ಮೇಲೆ, ನಿಜವಾಗಿ ಒದೆಯಬಲ್ಲವಳ ವಿಶೇಷವೇನು ಉಳಿಯಿತು? ಅದರ ಮೇಲೆ ಪೈರಸಿ, ಹಾಲಿವುಡ್ ಚಿತ್ರಗಳ ಪೈಪೋಟಿ, ದಶಕದ ಕೊನೆಗೆ ಇಡೀ ಉದ್ಯಮದ ಕುಸಿತ. ಥಾಯ್ಲೆಂಡ್ ಆ ಹಳೆಯ ಪದ್ಧತಿಯನ್ನು ಒಮ್ಮೆ ಎಬ್ಬಿಸಿ ತೋರಿಸಿತು. 2008ರ ‘ಚಾಕೊಲೇಟ್’ಗಾಗಿ ಟೇಕ್ವಾಂಡೊ ಬಲ್ಲ ಜೀಜಾ ಯಾನಿನ್ ಎಂಬ ಹುಡುಗಿಯನ್ನು ವರ್ಷಗಟ್ಟಲೆ ಪಳಗಿಸಿದರು. ಸಿನಿಮಾ ನೋಡಿ ನೋಡಿಯೇ ಫೈಟು ಕಲಿಯುವ ಆಟಿಸಂ ಇರುವ ಬಾಲಕಿಯ ಪಾತ್ರ. ಕೊನೆಯ ಫೈಟು ಕಟ್ಟಡದ ಹೊರಗೋಡೆಯ ಕಿರಿದಾದ ಅಂಚುಗಳ ಮೇಲೆ. ಚಿತ್ರ ಮುಗಿದು ಹೆಸರುಗಳು ಏಳುವಾಗ ಊದಿದ ಕಣ್ಣು, ರಕ್ತ, ಮಂಜುಗಡ್ಡೆಯ ಚೀಲ ಎಲ್ಲವನ್ನೂ ತೋರಿಸುತ್ತಾರೆ.

ದೊಡ್ಡ ಬಂಡವಾಳದ ಚಿತ್ರಗಳಲ್ಲಿ ಮುಖ ಒಬ್ಬರದು, ಮೈ ಇನ್ನೊಬ್ಬರದು. ‘ಕಿಲ್ ಬಿಲ್’ಗೆ ಫೈಟು ಕಟ್ಟಿದವರು ಅದೇ ಯುಯೆನ್ ವೂ-ಪಿಂಗ್. ಉಮಾ ಥರ್ಮನ್‌ಗೆ ಡ್ಯೂಪ್ ಆದವರು ನ್ಯೂಜಿಲೆಂಡಿನ ಜೋಯಿ ಬೆಲ್, ಅದಕ್ಕೂ ಮುಂಚೆ ಟಿವಿಯ ‘ಜೀನಾ’ಗೆ ಡ್ಯೂಪ್ ಆಗಿದ್ದವರು. ಎರಡನೇ ಭಾಗದ ಚಿತ್ರೀಕರಣದಲ್ಲಿ ಪೆಟ್ಟು ತಿಂದರು. ಕ್ಯಾಮೆರಾದಿಂದ ಮುಖ ತಿರುಗಿಸಿಕೊಳ್ಳುವುದೇ ವರ್ಷಗಳಿಂದ ಅವರ ಉದ್ಯೋಗವಾಗಿತ್ತು. ‘ಕಿಲ್ ಬಿಲ್’ ನಿರ್ದೇಶಕ ಟ್ಯಾರಂಟಿನೊ 2007ರಲ್ಲಿ ಅಗ್ಗದ ಚಿತ್ರಗಳ ಶೈಲಿಯಲ್ಲೇ ‘ಡೆತ್ ಪ್ರೂಫ್’ ಮಾಡಿ, ಬೆಲ್ ಅವರನ್ನು ಬೆಲ್ ಆಗಿಯೇ, ಓಡುವ ಕಾರಿನ ಬಾನೆಟ್ಟಿನ ಮೇಲೆ ಮಲಗಿಸಿದರು. 2013ರಲ್ಲಿ ‘ರೇಜ್’ ಎಂಬ ಸಣ್ಣ ಬಜೆಟ್ಟಿನ ಚಿತ್ರಕ್ಕೆ ಅವರೇ ನಾಯಕಿಯಾದರು.

ಇಂಥವರ ಕೆಲಸಕ್ಕೆ ಆಸ್ಕರ್‌ನಲ್ಲಿ ಒಂದು ವಿಭಾಗವೇ ಇರಲಿಲ್ಲ. ಸಾಹಸ ವಿನ್ಯಾಸಕ್ಕೂ ಪ್ರಶಸ್ತಿ ಕೊಡುವುದಾಗಿ ಅಕಾಡೆಮಿ ಪ್ರಕಟಿಸಿದ್ದು 2025ರ ಏಪ್ರಿಲ್‌ನಲ್ಲಿ. ಮೊದಲ ಪ್ರಶಸ್ತಿ 2027ರಲ್ಲಿ ತೆರೆಕಾಣುವ ಚಿತ್ರಗಳಿಗೆ, ನೂರನೇ ಆಸ್ಕರ್ ಸಮಾರಂಭದಲ್ಲಿ.